ಧ್ವನಿವರ್ಧಕವನ್ನು ಕೊಂಡ ಬಗೆ

ಗೃಹಸ್ಥನಾದವನು ಜೀವಮಾನದಲ್ಲಿ ಕೊಳ್ಳಬೇಕಾಗಿ ಬರುವ ವಸ್ತುಗಳಿಗೆ ಲೆಕ್ಕವಿಲ್ಲ. ಒರಳುಕಲ್ಲು, ತೊಟ್ಟಿಲು, ಹೊಲಿಗೆಯ ಯಂತ್ರ, ಹಿರಿಯ ಮಗಳ ಮದುವೆಗೆ ಬೆಳ್ಳಿಯ ಪಾತ್ರೆ, ಇವೆಲ್ಲವನ್ನೂ ನಾವು ಕೊಂಡಿದ್ದೇವೆ. ಕೆಲವು ಬಾರಿ ಮೋಸಹೋಗಿದ್ದೇವೆ. ಮೋಸಹೋದುದನ್ನು ಮನೆಯವರಿಂದ ಮರೆಮಾಚಲು ಯತ್ನಿಸಿ ಅದರಲ್ಲಿಯೂ ಸೋತಿದ್ದೇವೆ. ಆದರೆ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ, ನಿವೃತ್ತಿವೇತನದ ಕಾಗದವನ್ನು ಕೈಯಲ್ಲಿ ಹಿಡಿದು ಮನೆಗೆ ಬಂದಮೇಲೆ, ವಿದ್ಯುತ್ ಗಿಟಾರಿಗೆ ಒಂದು ಧ್ವನಿವರ್ಧಕವನ್ನು ಆರಿಸಿ ತರುವ ಕಾರ್ಯವು ನಮ್ಮ ಪಾಲಿಗೆ ಬಂದೀತೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಹುಡುಗರು ಇದನ್ನು 'ಆಂಪ್' ಎಂದು ಮೊಟಕಾಗಿ ಕರೆಯುತ್ತಾರೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಎಷ್ಟು ಕಡೆ ಈ ಪದಾರ್ಥ ಪ್ರವೇಶಮಾಡಿದೆಯೋ ತಿಳಿಯದು. ಇದುವರೆಗೆ ಬಾರದಿದ್ದರೆ ಮುಂದೆ ಬರಬಹುದು. ಬರುವಾಗ ತಂದೆತಾಯಿಗಳು ನಾವು ಮಾಡಿದ ತಪ್ಪನ್ನೇ ಮಾಡದಿರಲೆಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ವಾಸವು ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ, ಮಹಡಿಯ ಮೇಲಣ ಬಾಡಿಗೆಯ ಮನೆಯಲ್ಲಿ. ಕೆಳಗೆ ಮನೆಯ ಯಜಮಾನರ ತಾಯಿ, ಎಂಬತ್ತೆರಡು ವರ್ಷದ ವೃದ್ಧೆ, ಹೃದಯದ ಕಾಯಿಲೆಯಿಂದ ಬಹುಮಟ್ಟಿಗೆ ಹಾಸಿಗೆಯಲ್ಲಿಯೇ ಇರುವರು. ನಮ್ಮ ಕಿರಿಯ ಮಗಳು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಾಳೆ. ನೆರೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಕೂಡಿಸಿದ ಹಣದಿಂದ ಅವಳು ಒಂದು ವಿದ್ಯುತ್ ಗಿಟಾರನ್ನು ಕೊಂಡಳು. ನಮ್ಮನ್ನು ಕೇಳಲಿಲ್ಲ; ಕೇಳಿದ್ದರೆ ಬೇಡವೆನ್ನುತ್ತಿದ್ದೆವು; ಅದು ಅವಳಿಗೆ ಗೊತ್ತಿತ್ತು. ಒಂದು ವಾರದ ಮಟ್ಟಿಗೆ ಸಹಪಾಠಿಯಿಂದ ದೊಡ್ಡದೊಂದು ಆಂಪನ್ನು ಎರವಲು ತಂದು, ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನುಡಿಸತೊಡಗಿದಳು. ದೇವರ ಗೂಡಿನಲ್ಲಿದ್ದ ಪಂಚಪಾತ್ರೆ ಉದ್ಧರಣೆಗಳು ತಾವಾಗಿಯೇ ಕಿಣಿಕಿಣಿ ಎಂದುವು. ಎರಡು ನಿಮಿಷ ಕಳೆಯುವುದರೊಳಗೆ ಕೆಳಮನೆಯ ಕೆಲಸದಾಕೆ ಮೆಟ್ಟಿಲೇರಿ ಬಂದು, "ಅಜ್ಜಿಯೋರ್ಗೆ ಎದೆ ಢವಢವ ಅಂತದಂತೆ ಮೇಷ್ಟ್ರೇ" ಎಂದಳು.

ನಮಗೆ ನಾಚಿಕೆಯೂ ಕೋಪವೂ ಒಟ್ಟಿಗೆ ಬಂದುವು. "ಇದು ಸಂಗೀತವಲ್ಲ, ಗಲಭೆ. ಈ ಮನೆಯಲ್ಲಿ ಇದು ಕೂಡದು" ಎಂದುಬಿಟ್ಟೆವು. ಅವಳು ಮೆಲ್ಲನೆ, "ಮ್ಯಾಂಡೊಲಿನ್ ಶ್ರೀನಿವಾಸ್ ನುಡಿಸ್ತಿದ್ದದ್ದೂ ವಿದ್ಯುತ್ ವಾದ್ಯವೇ ಅಲ್ಲವೇ ಅಪ್ಪ?" ಎಂದಳು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಾಗ ಉಪಾಧ್ಯಾಯರು ಏನು ಮಾಡುವರೋ ಅದನ್ನೇ ಮಾಡಿದೆವು, ಧ್ವನಿಯನ್ನು ಏರಿಸಿದೆವು. ಆಂಪು ಮಾರನೆಯ ದಿನ ಹಿಂದಕ್ಕೆ ಹೋಯಿತು. ಗಿಟಾರು ಚೀಲದೊಳಗೆ ಸೇರಿ ಬೀರುವಿನ ಮೇಲೆ ಮಲಗಿತು.

ಅವಳ ಮಾತು ನಿಜವೇ ಆಗಿತ್ತು. ಪಾಲಕೊಲ್ಲಿನ ಉಪ್ಪಲಪು ಶ್ರೀನಿವಾಸರನ್ನು (೧೯೬೯–೨೦೧೪) ರಾಮೋತ್ಸವದ ಚಪ್ಪರದಲ್ಲಿ ಕೇಳಿ ನಾವು ಕಣ್ಣೀರಿಟ್ಟವರು. ಮ್ಯಾಂಡೊಲಿನ್ನಿನ ನಾದವು ಸ್ವಭಾವತಃ ಹುಟ್ಟಿದೊಡನೆ ಅಡಗುವುದು; ಗಮಕಕ್ಕೆ ಎಡೆಯಿಲ್ಲ. ವಿದ್ಯುತ್ತಿನ ಆಸರೆಯಿಂದ ಅವರು ಆ ನಾದವನ್ನು ನಿಲ್ಲಿಸಿಕೊಂಡು, ಅದರ ಮೇಲೆ ತೋಡಿಯನ್ನೂ ಕಲ್ಯಾಣಿಯನ್ನೂ ಎಳೆದರು. ತ್ಯಾಗರಾಜರ ಕೀರ್ತನೆಯನ್ನು ನುಡಿಸಿದರೆ ವಿದ್ಯುತ್ತು ಪವಿತ್ರ, ಮಗಳು ಮತ್ತೇನನ್ನೋ ನುಡಿಸಿದರೆ ಗಲಭೆ ಎಂಬ ನ್ಯಾಯವನ್ನು ಯಾವ ತರ್ಕಶಾಸ್ತ್ರವೂ ಒಪ್ಪುವುದಿಲ್ಲ.

ಮೂರು ತಿಂಗಳು ಕಳೆದುವು. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದಾಗ ನಡುಮನೆಯಿಂದ, ಬೀಗದ ಕೈಗೊಂಚಲು ಅಲುಗಿದಂತೆ, ಅತಿ ಸಣ್ಣದೊಂದು ಶಬ್ದ ಕೇಳಿಸಿತು. ಮಗಳು ಕತ್ತಲಲ್ಲಿ ನೆಲದ ಮೇಲೆ ಕುಳಿತು, ಗಿಟಾರಿನ ಮರಕ್ಕೆ ಕಿವಿಯನ್ನು ಒತ್ತಿಕೊಂಡು ನುಡಿಸುತ್ತಿದ್ದಳು. ವಿದ್ಯುತ್ ಗಿಟಾರಿನ ಒಡಲು ಗಟ್ಟಿ ಮರದ ಹಲಗೆ. ಪೊಳ್ಳಿಲ್ಲ, ಆದುದರಿಂದ ನಾದವಿಲ್ಲ. ಮರಕ್ಕೆ ಕಿವಿಗೊಟ್ಟವನಿಗೆ ಮಾತ್ರ ಏನೋ ಒಂದಿಷ್ಟು ಕೇಳಿಸುವುದು. ನಾವು ನೀರನ್ನು ಕುಡಿಯದೆಯೇ ಹಿಂದಿರುಗಿದೆವು. ಬೆಳಗಾಗುವಷ್ಟರಲ್ಲಿ ಆಂಪನ್ನು ಕೊಡಿಸುವುದೆಂದು ನಿಶ್ಚಯವಾಯಿತು.

ನಿಶ್ಚಯವೇನೋ ಸರಿಯಾದುದು, ನಡೆಸಿದ ಕ್ರಮ ಶುದ್ಧ ಅವಿವೇಕ. ಮಗಳಿಗೆ ತಿಳಿಸದೆ ತಂದು ಅವಳನ್ನು ಬೆರಗುಗೊಳಿಸಬೇಕೆಂಬ ಆಸೆ ನಮ್ಮನ್ನು ಹಿಡಿಯಿತು. ಪಶ್ಚಾತ್ತಾಪಕ್ಕೆ ಕೂಡ ಸ್ವಲ್ಪ ಆಡಂಬರ ಬೇಕಲ್ಲವೆ! ಆಂಪೆಂದರೇನೆಂಬ ವಿಷಯದಲ್ಲಿ ನಮಗಿದ್ದ ಬಂಡವಾಳವೆಲ್ಲ ಪತಂಜಲಿಯದು. ಮಹಾಭಾಷ್ಯದಲ್ಲಿ ಅವನು ಸ್ಫೋಟಕ್ಕೂ ಧ್ವನಿಗೂ ಇರುವ ಭೇದವನ್ನು ವಿವರಿಸುತ್ತ ಭೇರಿಯ ದೃಷ್ಟಾಂತವನ್ನು ಕೊಡುತ್ತಾನೆ: ಭೇರಿಯ ಏಟು ಒಮ್ಮೆ ಇಪ್ಪತ್ತು ಹೆಜ್ಜೆ ಕೇಳಿಸಬಹುದು, ಒಮ್ಮೆ ಮೂವತ್ತು, ಒಮ್ಮೆ ನಲವತ್ತು, ಸ್ಫೋಟವು ಇದ್ದಷ್ಟೇ ಇರುವುದು, ಹೆಚ್ಚಾದುದು ಧ್ವನಿ ಮಾತ್ರ. ಹಾಗಾದರೆ ಧ್ವನಿವರ್ಧಕವೆಂದರೆ ಇಪ್ಪತ್ತು ಹೆಜ್ಜೆಯನ್ನು ನಲವತ್ತು ಮಾಡುವ ಪೆಟ್ಟಿಗೆ. ಎಲ್ಲ ಪೆಟ್ಟಿಗೆಯೂ ಒಂದೇ. ಅಗ್ಗವಾದುದನ್ನು ತಂದರಾಯಿತು, ಎಂದು ತೀರ್ಮಾನಿಸಿದೆವು.

ಬೆಂಗಳೂರಿನಲ್ಲಿ ಹಳೆಯ ವಾದ್ಯಗಳನ್ನು ಮಾರುವವರೊಬ್ಬರು, ಅಮೆರಿಕದಿಂದ ಯಾರೋ ಹಿಂದಿರುಗುವಾಗ ತಂದ ವಾಲ್ವಿನ ಆಂಪೊಂದನ್ನು ತೋರಿಸಿದರು. ಬೆನ್ನ ಕಡೆಯಿಂದ ನೋಡಿದರೆ ಗಾಜಿನ ಬುಡ್ಡಿಗಳು ಕೆಂಪಗೆ ಉರಿಯುತ್ತಿದ್ದುವು. ನಮ್ಮ ತಂದೆಯವರ ಮನೆಯ ಹಳೆಯ ರೇಡಿಯೋ ನೆನಪಿಗೆ ಬಂದಿತು. ಅದು ಕಾಯುವವರೆಗೆ ಮನೆಮಂದಿಯೆಲ್ಲ ಸುಮ್ಮನೆ ಕುಳಿತಿರುತ್ತಿದ್ದೆವು. ಆ ಒಂದು ನೆನಪಿಗಾಗಿ ೧೪,೦೦೦ ರೂಪಾಯಿಗಳನ್ನು ಎಣಿಸಿ ಕೊಟ್ಟೆವು. ಅಂಗಡಿಯಲ್ಲಿ ಅದು ಮೇಜಿನ ಕೆಳಗಿದ್ದ ಒಂದು ಟ್ರಾನ್ಸ್‌ಫಾರ್ಮರಿನ ಮೂಲಕ ನಡೆಯುತ್ತಿದ್ದುದನ್ನು ನಾವು ಗಮನಿಸಲಿಲ್ಲ, ಅವರೂ ಹೇಳಲಿಲ್ಲ. ಅಮೆರಿಕದ ಮನೆಗಳ ವಿದ್ಯುತ್ತು ೧೨೦ ವೋಲ್ಟ್, ನಮ್ಮದು ೨೩೦. ಪೆಟ್ಟಿಗೆಯ ಬೆನ್ನಿನ ಮೇಲೆ ಆ ಅಂಕೆ ಸ್ಪಷ್ಟವಾಗಿಯೇ ಇದ್ದಿತು. ಪ್ಲಗ್ಗಿನ ಆಕಾರವನ್ನು ಬದಲಿಸುವ ಚಿಕ್ಕದೊಂದು ತುಂಡನ್ನು ಕೊಟ್ಟರು. ಅದು ಆಕಾರವನ್ನು ಬದಲಿಸುವುದೇ ಹೊರತು ವೋಲ್ಟನ್ನಲ್ಲ ಎಂಬುದು ಸಂಸ್ಕೃತ ಪಂಡಿತನಿಗೆ ಹೇಗೆ ತಿಳಿಯಬೇಕು?

ಮನೆಯಲ್ಲಿ ಮಗಳನ್ನು ಕರೆದು, ಬಟ್ಟೆಯನ್ನು ಸರಿಸಿ, ಸ್ವಿಚ್ಚನ್ನು ಒತ್ತಿದೆವು. ಬುಡ್ಡಿಗಳು ಕ್ಷಣಮಾತ್ರ ಹಗಲಿನಂತೆ ಬೆಳಗಿದುವು. ಆಮೇಲೆ ಸುಟ್ಟ ಅರಗಿನ ವಾಸನೆ, ಹೊಗೆ. ಇಂಥ ವಿಪತ್ತಿನಲ್ಲಿ ತಾನು ಕರಗಿ ಮಿಕ್ಕುದನ್ನು ಉಳಿಸಬೇಕಾದ ಫ್ಯೂಸಿಗೆ ಹಿಂದೆ ಯಾರೋ ಬೆಳ್ಳಿಯ ಕಾಗದವನ್ನು ಸುತ್ತಿ ಇಟ್ಟಿದ್ದರೆಂದು ಆಮೇಲೆ ಗೊತ್ತಾಯಿತು. ಮಗಳು ಓಡಿಹೋಗಿ ಮೈನ್ ಸ್ವಿಚ್ಚನ್ನು ಆರಿಸಿದಳು. ನಾವು ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯನ್ನು ಬಿಚ್ಚಹೊರಟಾಗ ನಮ್ಮ ಕೈಯನ್ನು ಹಿಡಿದುಕೊಂಡಳು. ವಾಲ್ವಿನ ಆಂಪಿನೊಳಗಣ ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತಮೇಲೂ ನೂರಾರು ವೋಲ್ಟನ್ನು ಹಿಡಿದಿಟ್ಟುಕೊಂಡಿರುವುದುಂಟಂತೆ. ತಿಳಿಯದವನು ಕೈಯಿಟ್ಟರೆ ಪ್ರಾಣಕ್ಕೇ ಅಪಾಯ. ಗೃಹಸ್ಥರು ಈ ಒಂದು ಮಾತನ್ನು ಮರೆಯಬಾರದು.

ಆ ರಾತ್ರಿ ಊಟಕ್ಕೆ ಕುಳಿತಾಗ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ಮಗಳು, "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲಪ್ಪ" ಎಂದಳು. ಗಿಟಾರನ್ನು ಕೊಳ್ಳುವಾಗ ನಮ್ಮನ್ನು ಕೇಳಲಿಲ್ಲವೆಂಬುದು ನಾವು ಅವಳ ಮೇಲೆ ಹೊರಿಸಿದ್ದ ದೊಡ್ಡ ಅಪರಾಧವಾಗಿತ್ತು.

ಮುಂದಿನ ಭಾನುವಾರ ಅವಳು ನಮ್ಮನ್ನು ತನ್ನ ಗಿಟಾರಿನ ಗುರುವಿನಲ್ಲಿಗೆ ಕರೆದುಕೊಂಡು ಹೋದಳು. ಗುರುವಿಗೆ ಇಪ್ಪತ್ತೆಂಟು ವರ್ಷವಿರಬಹುದು. ನಾವು ಚಾಪೆಯ ಮೇಲೆ ಶಿಷ್ಯಭಾವದಿಂದ ಕುಳಿತು ಎರಡು ಗಂಟೆಯ ಕಾಲ ಪಾಠ ಹೇಳಿಸಿಕೊಂಡೆವು. ಪ್ರಶ್ನೆ ಕೇಳಿದಾಗ ಅವನು ಸಿಟ್ಟಾಗಲಿಲ್ಲ. ಇದನ್ನು ನಮ್ಮ ಕಾಲದ ಉಪಾಧ್ಯಾಯರು ಗಮನಿಸಬೇಕು.

ಅವನು ಮೊದಲು ಮುರಿದುದು ನಮ್ಮ ಭೇರಿಯನ್ನು. ಈ ಗಿಟಾರಿನಲ್ಲಿ ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುವುವು. ತಂತಿ ನಡುಗಿದರೆ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುವುದು. ಅಲ್ಲಿಯವರೆಗೆ ಆದುದು ಶಬ್ದವೇ ಅಲ್ಲ. ಆಂಪು ಅದನ್ನು ಬಲಪಡಿಸಿ, ತಿದ್ದಿ, ಸ್ಪೀಕರಿನ ಕಾಗದವನ್ನು ಅಲುಗಿಸಿದಾಗಲೇ ನಾದದ ಜನನ. ಆದುದರಿಂದ ಆಂಪು ವಾದ್ಯದ ಹೊರಗಣ ವಸ್ತುವಲ್ಲ. ವೀಣೆಗೆ ಕೊಡವು ಹೇಗೋ ಈ ಗಿಟಾರಿಗೆ ಆಂಪು ಹಾಗೆ. ಕೊಡವಿಲ್ಲದ ವೀಣೆಯನ್ನು ಮಗಳ ಕೈಗೆ ಕೊಟ್ಟು ನುಡಿಸೆಂದಂತಾಗಿತ್ತು ನಮ್ಮ ಆಜ್ಞೆ.

ಇದರ ಚರಿತ್ರೆಯೂ ಸ್ವಾರಸ್ಯವಾಗಿದೆ. ಅಮೆರಿಕದ ನೃತ್ಯಶಾಲೆಗಳಲ್ಲಿ ಕಹಳೆಗಳ ನಡುವೆ ಗಿಟಾರು ಯಾರಿಗೂ ಕೇಳಿಸುತ್ತಿರಲಿಲ್ಲ. ೧೯೩೧–೩೨ರಲ್ಲಿ ಜಾರ್ಜ್ ಬೋಚಾಂಪ್, ಅಡಾಲ್ಫ್ ರಿಕನ್‌ಬ್ಯಾಕರ್ ಎಂಬವರು ಲಾಸ್ ಏಂಜಲೀಸಿನಲ್ಲಿ ಅಲ್ಯೂಮಿನಿಯಮ್ಮಿನ ಎರಕದಿಂದ ಒಂದು ವಿದ್ಯುತ್ ಗಿಟಾರನ್ನು ಮಾಡಿದರು. ಅದರ ಆಕಾರವನ್ನು ನೋಡಿದವರು ಅದಕ್ಕೆ 'ಬಾಣಲೆ' ಎಂದೇ ಹೆಸರಿಟ್ಟರು. ಆಮೇಲೆ ಹೆಸರಾಂತ ಆಂಪುಗಳನ್ನು ಕಟ್ಟಿದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಲಂಡನ್ನಿನ ಜಿಮ್ ಮಾರ್ಷಲ್ ಡ್ರಮ್ಮಿನ ಮೇಷ್ಟರು. ತನ್ನ ಅಂಗಡಿಗೆ ಬರುವ ಹುಡುಗರು ಇನ್ನೂ ಗಟ್ಟಿಯಾದುದು ಬೇಕೆಂದು ಪೀಡಿಸಿದುದರಿಂದ ೧೯೬೨ರಲ್ಲಿ ಆಂಪನ್ನು ಕಟ್ಟಿಸತೊಡಗಿದನು. ಗಲಭೆಯ ಮೂಲದಲ್ಲಿಯೂ ಒಬ್ಬ ಮೇಷ್ಟರಿದ್ದುದನ್ನು ತಿಳಿದು ನಮಗೆ ಸಮಾಧಾನವಾಯಿತು.

"ಆ ಒಡಕು ದನಿಯೇಕೆ? ಯಂತ್ರ ಕೆಟ್ಟುಹೋದ ಹಾಗೆ ಕೇಳಿಸುವುದಲ್ಲ!" ಎಂದು ನಾವು ಕೇಳಿದೆವು. ಮೊದಲು ಅದು ಕೆಟ್ಟುದರಿಂದಲೇ ಬಂದುದು. ವಾಲ್ವಿಗೆ ಅದರ ಶಕ್ತಿಗೆ ಮೀರಿ ಕೆಲಸ ಕೊಟ್ಟರೆ ಸ್ವರದ ತರಂಗದ ನೆತ್ತಿ ಚಪ್ಪಟೆಯಾಗಿ, ಮೂಲದಲ್ಲಿಲ್ಲದ ಮೇಲುಸ್ವರಗಳು ಹುಟ್ಟುವುವು. ಅದೇ ಹುಡುಗರಿಗೆ ಇಷ್ಟವಾಯಿತು. ೧೯೬೪ರಲ್ಲಿ 'ಕಿಂಕ್ಸ್' ಎಂಬ ಇಂಗ್ಲಿಷ್ ತಂಡದ ಡೇವ್ ಡೇವಿಸ್ ಎಂಬ ಹದಿನೇಳು ವರ್ಷದ ಹುಡುಗನು ತನ್ನ ಚಿಕ್ಕ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ ಬೇಕೆಂದೇ ಒಡಕು ದನಿಯನ್ನು ಹೊರಡಿಸಿದನಂತೆ! ಇದನ್ನು ಕೇಳಿ ನಾವು ನಗುವುದರಲ್ಲಿದ್ದೆವು. ಅಷ್ಟರಲ್ಲಿ ನಮ್ಮ ತಂಬೂರಿಯ ನೆನಪಾಯಿತು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲೆಳೆಯನ್ನು ಸೇರಿಸಿ, ಅತ್ತಿತ್ತ ಸರಿಸಿ, ಜೇಂಕಾರವನ್ನು ಹೊರಡಿಸುವುದು ನಮ್ಮವರೂ ಅಲ್ಲವೆ? ಶುದ್ಧ ತಂತಿಯ ನಾದ ನಮಗೂ ಸಾಲಲಿಲ್ಲ. ಆ ನೂಲಿಗೆ ಜೀವಾಳಿ ಎಂದು ಹೆಸರಿಟ್ಟೆವು. ಅವರದಕ್ಕೆ ಗಲಭೆ ಎಂದು ಹೆಸರಿಟ್ಟೆವು.

ಎರಡನೆಯದಾಗಿ ವಾಟಿನ ವಿಚಾರ. ಕೊಳ್ಳಹೋಗುವವರನ್ನು ಅಂಗಡಿಯವರು ಹೆಚ್ಚಾಗಿ ಮರುಳುಮಾಡುವುದು ಇಲ್ಲಿಯೇ. ಐದು ವಾಟಿನ ಆಂಪಿಗಿಂತ ಐವತ್ತು ವಾಟಿನದು ಹತ್ತು ಪಾಲು ಗಟ್ಟಿಯೆಂದು ನಾವು ತಿಳಿದಿದ್ದೆವು. ಹಾಗಿಲ್ಲ. ಶಕ್ತಿಯನ್ನು ಹತ್ತು ಪಾಲು ಮಾಡಿದರೆ ಕಿವಿಗೆ ಅದು ಸುಮಾರು ಎರಡು ಪಾಲು ಮಾತ್ರ ಹೆಚ್ಚಾಗಿ ತೋರುವುದು. ಶಾಲೆಯಲ್ಲಿ ಪ್ರಾರ್ಥನೆ ಹೇಳಿಸಿದವರಿಗೆ ಇದು ಅನುಭವದ ಮಾತು: ಒಬ್ಬ ಹುಡುಗ ಹೇಳುವುದಕ್ಕಿಂತ ಹತ್ತು ಹುಡುಗರು ಒಟ್ಟಿಗೆ ಹೇಳುವುದು ಹತ್ತರಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ, ಇಮ್ಮಡಿಯಾದಂತೆ ಕೇಳುವುದು, ಅಷ್ಟೆ. ಇದರಿಂದ ಬರುವ ಫಲಿತಾರ್ಥ ಎರಡು. ದೊಡ್ಡ ಅಂಕೆಗಾಗಿ ಹೆಚ್ಚು ಹಣ ತೆರಬೇಕಾದುದಿಲ್ಲ. ಐದು ವಾಟೇ ಆದರೂ ಮನೆಯೊಳಗೆ ಅದು 'ಚಿಕ್ಕದು' ಎಂದು ನಂಬಬೇಕಾದುದೂ ಇಲ್ಲ. ಎಳೆಯ ಗುರುವು ಒಂದು ವಾಟಿಗಿಂತ ಕಡಮೆ ಶಕ್ತಿಯಲ್ಲಿ ನುಡಿಸಿ ತೋರಿಸಿದಾಗ ನಾವು ಪರಸ್ಪರ ಮಾತನಾಡಲು ಕೂಗಬೇಕಾಯಿತು. (೧೯೩೫ರಲ್ಲಿ ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದಾಗ ಅದರ ಪ್ರಸಾರಯಂತ್ರ ೩೦ ವಾಟಿನದಾಗಿತ್ತು, ಊರಿಗೆ ಸಾಕಾದುದು ಕೋಣೆಗೆ ಸಾಲದೆ ಎಂದು ನಾವು ವಾದಿಸಿದೆವು. "ಅದು ರೇಡಿಯೋ ವಾಟು ಅಪ್ಪ, ಅದೇ ಬೇರೆ" ಎಂದು ಮಗಳು ನಕ್ಕಳು. ಮೂರು ತಿಂಗಳಲ್ಲಿ ಮೊದಲನೆಯ ಸಲ ನಕ್ಕುದು.)

"ಮನೆಯಲ್ಲಿ ಟೆಲಿವಿಷನ್ನಿಗೆ ಸ್ಪೀಕರುಗಳಿವೆಯಲ್ಲ, ಅದಕ್ಕೇ ಸಿಕ್ಕಿಸಿದರೆ ಆಗದೆ?" ಎಂದು ನಮ್ಮ ಮನೆಯವರು ಆಮೇಲೆ ಕೇಳಿದರು. ಮಿತವ್ಯಯದ ದೃಷ್ಟಿಯಿಂದ ಒಳ್ಳೆಯ ಪ್ರಶ್ನೆಯೇ. ಆದರೆ ಆ ಸ್ಪೀಕರುಗಳು ಎಲ್ಲ ಸ್ವರಗಳನ್ನೂ ಇದ್ದಂತೆ ಒಪ್ಪಿಸಲು ಮಾಡಿದುವು. ಗಿಟಾರಿನ ಸ್ಪೀಕರಾದರೋ ಸೆಕೆಂಡಿಗೆ ಐದಾರು ಸಾವಿರ ಕಂಪನಗಳ ಮೇಲಣ ಕೀಚುದನಿಯನ್ನು ಬಹುಮಟ್ಟಿಗೆ ನುಂಗಿಬಿಡುವುದು. ಆ ನುಂಗುವಿಕೆಯಿಲ್ಲದಿದ್ದರೆ ಒಡಕು ದನಿಯು ಗಾಜನ್ನು ಕೆರೆದಂತೆ ಕೇಳುವುದು.

ಇನ್ನು ಆಂಪುಗಳ ಜಾತಿಗಳು. ವಾಲ್ವಿನದು ರಸಿಕರಿಗೆ ಪ್ರಿಯ. ಆದರೆ ಬೆಲೆ ಹೆಚ್ಚು, ಭಾರ ಹೆಚ್ಚು, ಬುಡ್ಡಿಗಳು ಸವೆಯುವುವು. ಮೇಲಾಗಿ ಅದರ ನಿಜವಾದ ಸೊಗಸು ಗಟ್ಟಿಯಾಗಿ ನುಡಿಸಿದಾಗಲೇ ಬರುವುದು, ಅಂದರೆ ಕೆಳಗೆ ಅಜ್ಜಿಯಿರುವ ಮನೆಯಲ್ಲಿ ಬರುವಂತೆಯೇ ಇಲ್ಲ. ೧೯೪೭ರಲ್ಲಿ ಕಂಡುಹಿಡಿದ ಟ್ರಾನ್ಸಿಸ್ಟರಿನಿಂದ ಮಾಡಿದುವು ಹಗುರ, ಅಗ್ಗ, ಗಟ್ಟಿಮುಟ್ಟು. ಈಗ ಮೂರನೆಯದೊಂದು ಬಂದಿದೆ: ಒಳಗಿರುವ ಗಣಕವು ಬೇರೆ ಬೇರೆ ವಾಲ್ವಿನ ಆಂಪುಗಳ ದನಿಯನ್ನು ಅನುಕರಿಸುವುದು. ಅನುಕರಣವೆಂದರೆ ನಮಗೆ ಮೊದಲಿನಿಂದಲೂ ಅನಾದರ. ಆದರೆ ನಟನು ರಾಮನಲ್ಲದಿದ್ದರೂ ನಾಟಕದಲ್ಲಿ ರಸ ಹುಟ್ಟುವುದೆಂದು ನಾವೇ ಮಕ್ಕಳಿಗೆ ಪಾಠ ಹೇಳಿದ್ದೇವೆ.

ಫೆಂಡರ್ ಫ್ರಂಟ್‌ಮನ್ ೧೦ಜಿ ಎಂಬುದನ್ನು ಮೊದಲು ನೋಡಿದೆವು; ಹತ್ತು ವಾಟು, ಆರು ಅಂಗುಲದ ಸ್ಪೀಕರು. ಕಲಿಯುವವರಿಗೆ ಸಾಕು. ಆದರೆ ಮಗಳಿಗೆ ಆಗಲೇ ಒಂದು ಆಹ್ವಾನ ಬಂದಿದ್ದಿತು: ಪುಸ್ತಕದ ಅಂಗಡಿಯೊಂದರ ಮಹಡಿಯಲ್ಲಿ, ಐವತ್ತು ಕುರ್ಚಿಗಳ ಚಿಕ್ಕ ಸಭಾಂಗಣದಲ್ಲಿ, ಡ್ರಮ್ಮಿನವನೊಬ್ಬನೂ ಹಾಡುವವಳೊಬ್ಬಳೂ ಇವಳೂ ಸೇರಿ ನುಡಿಸುವುದೆಂದು. ಡ್ರಮ್ಮೆಂಬುದು ಯಾವ ವಿದ್ಯುತ್ತೂ ಇಲ್ಲದೆಯೇ ಎಲ್ಲರನ್ನೂ ಮುಳುಗಿಸುವುದು. ಅದರ ಮುಂದೆ ಆರು ಅಂಗುಲದ ಸ್ಪೀಕರು ನಿಲ್ಲದು. ಯಮಾಹ ಕಂಪೆನಿಯ ಟಿಎಚ್‌ಆರ್ ಎಂಬುದು ಮೇಜಿನ ಮೇಲಿಡುವಂತಹ ಪುಟ್ಟ ಪೆಟ್ಟಿಗೆ. ಕೋಣೆಯಲ್ಲಿ ಮೆಲ್ಲಗೆ ನುಡಿಸಿದರೆ ಬಹು ಇಂಪು. ಮನೆಗೆ ಮಾತ್ರ ಬೇಕೆನ್ನುವವರಿಗೆ ನಾವು ಅದನ್ನೇ ಹೇಳುತ್ತೇವೆ. ಅದಕ್ಕೂ ಡ್ರಮ್ಮಿನ ಸಹವಾಸ ಸಲ್ಲದು.

ಮನೆಗೂ ಸಭೆಗೂ ಒಂದೇ ಪೆಟ್ಟಿಗೆ ಆಗಬೇಕಾದರೆ ಏನಿರಬೇಕೆಂದು ಗುರುವು ಹೇಳಿದುದನ್ನು ನಾವು ಕಾಗದದ ಮೇಲೆ ಬರೆದುಕೊಂಡೆವು. ಸ್ಪೀಕರು ಹತ್ತೋ ಹನ್ನೆರಡೋ ಅಂಗುಲವಿರಬೇಕು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆ ಎಡೆಯಿರಬೇಕು. ಸಭಾಂಗಣದ ದೊಡ್ಡ ಧ್ವನಿವ್ಯವಸ್ಥೆಗೆ ತಂತಿ ಕೊಡಲು ರಂಧ್ರವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದನಿಯ ಬಣ್ಣ ಕೆಡದಂತೆ ಗಟ್ಟಿತನವನ್ನು ಮಾತ್ರ ತಗ್ಗಿಸುವ ಉಪಾಯವಿರಬೇಕು. ಅಂಗಡಿಯಲ್ಲಿ ಎಲ್ಲರೂ ಆಂಪನ್ನು ಪೂರ್ತಿ ತಿರುಗಿಸಿ ಪರೀಕ್ಷಿಸುತ್ತಾರೆ, ಪರೀಕ್ಷಿಸಬೇಕಾದುದು ಪೂರ್ತಿ ತಗ್ಗಿಸಿ ಎಂದನು. ಮನೆಯಲ್ಲಿ ಅದು ಬಾಳುವುದು ತಗ್ಗಿನಲ್ಲಿಯೇ ಅಲ್ಲವೆ. ನಮಗೆ ಈ ಮಾತು ಬಹಳ ಹಿಡಿಸಿತು.

ಈ ಲಕ್ಷಣಗಳೆಲ್ಲ ಕೂಡಿದ್ದುದು ಜಪಾನಿನ ಬಾಸ್ ಕಂಪೆನಿಯ ಕಟಾನ ೫೦. ಹನ್ನೆರಡು ಅಂಗುಲದ ಸ್ಪೀಕರು. ಬೆರಳಿನಿಂದ ತಿರುಗಿಸಿದರೆ ಐವತ್ತು ವಾಟು, ಇಪ್ಪತ್ತೈದು, ಅಥವಾ ಅರ್ಧವೇ ವಾಟು. ಕಟಾನವೆಂದರೆ ಖಡ್ಗವಂತೆ. ವಾದ್ಯಕ್ಕೆ ಖಡ್ಗವೆಂದು ಹೆಸರಿಡುವ ರಸಜ್ಞತೆ ನಮಗೆ ಅರ್ಥವಾಗಲಿಲ್ಲ. ಹೊಸದರ ಬೆಲೆ ನಮ್ಮ ಕೈಗೆ ಮೀರಿದ್ದಿತು. ಓದು ಮುಗಿಸಿ ಊರು ಬಿಡುತ್ತಿದ್ದ ವಿದ್ಯಾರ್ಥಿಯೊಬ್ಬನು ತನ್ನದನ್ನು ೧೮,೦೦೦ ರೂಪಾಯಿಗೆ ಕೊಡಲೊಪ್ಪಿದನು. ಪುಸ್ತಕಗಳಿಗೆ ತೇಗದ ಬೀರು ಮಾಡಿಸಲು ತೆಗೆದಿಟ್ಟಿದ್ದ ಹಣ ಅಷ್ಟೇ ಇದ್ದಿತು. ಪುಸ್ತಕಗಳು ಈಗಲೂ ಗೋಡೆಯ ಬದಿಯಲ್ಲಿ ಒಂದರ ಮೇಲೊಂದು ಕುಳಿತಿವೆ.

ಹಳೆಯದನ್ನು ಕೊಳ್ಳುವವರು ಅದನ್ನು ಹೇಗೆ ನೋಡಬೇಕೆಂಬುದನ್ನು ಒಂದೆರಡು ಮಾತಿನಲ್ಲಿ ಹೇಳುತ್ತೇವೆ. ಮೊಟ್ಟಮೊದಲು ಬೆನ್ನಿನ ಮೇಲಣ ವೋಲ್ಟ್. ೧೪,೦೦೦ ರೂಪಾಯಿ ತೆತ್ತು ಕಲಿತ ಪಾಠವಾದುದರಿಂದ ಇದನ್ನು ಉಚಿತವಾಗಿ ಕೊಡುತ್ತಿದ್ದೇವೆ. ಗಿಟಾರನ್ನು ಸಿಕ್ಕಿಸದೆ ಸುಮ್ಮನೆ ಹೊತ್ತಿಸಿ ಗುಂಯ್‌ಗುಡುವುದೇ ಎಂದು ಕೇಳಬೇಕು. ತಿರುಗುಬಟನುಗಳನ್ನು ಒಂದೊಂದಾಗಿ ತಿರುಗಿಸಬೇಕು. ಕರಕರ ಎಂದರೆ ಒಳಗೆ ಧೂಳು ಕುಳಿತಿದೆ ಎಂದರ್ಥ, ಅದು ದೊಡ್ಡ ದೋಷವಲ್ಲ, ಬೆಲೆ ಇಳಿಸಲು ಒದಗುವುದು. ತಂತಿಯನ್ನು ಸಿಕ್ಕಿಸುವ ರಂಧ್ರದಲ್ಲಿ ಅಲುಗಾಡಿಸಿದರೆ ದನಿ ಕಡಿಯಬಾರದು. ದೀಪ ಹಿಡಿದು ಸ್ಪೀಕರಿನ ಕಾಗದ ಹರಿದಿದೆಯೇ ನೋಡಬೇಕು. ಡೇವಿಸನ ಶಿಷ್ಯರು ಎಲ್ಲೆಲ್ಲಿಯೂ ಇರುವರು. ಮನೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಸರಿಯಾಗಿರಬೇಕು. ಮೂರನೆಯ ಕಡ್ಡಿಯನ್ನು ಮುರಿದು ಎರಡರಲ್ಲಿ ಸುಧಾರಿಸುವ ನಮ್ಮವರ ಜಾಣತನ ಇಲ್ಲಿ ಬೇಡ. ಗಿಟಾರಿನ ತಂತಿಗಳು ಬೆರಳಿಗೆ ತಗುಲಿಯೇ ಇರುವುವು.

ಮನೆಗೆ ತಂದ ದಿನ ಮಗಳು ಪೆಟ್ಟಿಗೆಯನ್ನು ನೆಲದ ಮೇಲಿಡಲಿಲ್ಲ. ದಪ್ಪನೆಯ ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಮಣೆಯಿಟ್ಟು, ಮಣೆಯ ಮೇಲೆ ಆಂಪನ್ನಿಟ್ಟು, ಗೋಡೆಯ ಮೂಲೆಯಿಂದ ಈಚೆಗೆ ಎಳೆದಳು. ಮಂದ್ರದ ಸ್ವರಗಳು ನೆಲವನ್ನು ಹಿಡಿದು ಕೆಳಗಿಳಿಯುವುವು. ಮೂಲೆಯಲ್ಲಿಟ್ಟರೆ ಇನ್ನೂ ಉಬ್ಬುವುವು. ಅಜ್ಜಿಯ ಎದೆಯನ್ನು ಹೊಡೆದುದು ಅವೇ. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ಹಗಲು ೫೫ ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ೪೫ ಎಂದು ಮಿತಿ. ಆದರೆ ಹಾಸಿಗೆ ಹಿಡಿದ ಮುದುಕಿಯ ಮಿತಿ ಕಾನೂನಿನದಕ್ಕಿಂತ ಕಡಮೆ. ಆದುದರಿಂದ ಹೆಡ್‌ಫೋನಿಲ್ಲದೆ ನುಡಿಸಕೂಡದೆಂದು ಅವಳೇ ನಿಯಮ ಮಾಡಿಕೊಂಡಳು, ನಾವು ಮಾಡಲಿಲ್ಲ.

ಸಭೆಯ ದಿನ ನಾವು ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಆಂಪನ್ನು ಅವಳು ತನ್ನ ಬೆನ್ನ ಹಿಂದೆ ಕುರ್ಚಿಯ ಮೇಲಿಟ್ಟು, ಮುಖವನ್ನು ತನ್ನ ಕಿವಿಯ ಕಡೆಗೆ ಓರೆಮಾಡಿದಳು. ನೆಲದ ಮೇಲಿಟ್ಟರೆ ಸ್ಪೀಕರಿನ ಚೂಪು ದನಿಯು ನುಡಿಸುವವರ ಕಿವಿಯನ್ನು ತಪ್ಪಿಸಿಕೊಂಡು ಮುಂದಿನ ಸಾಲಿನವರ ಮೊಣಕಾಲಿಗೆ ನೇರವಾಗಿ ಹೋಗುವುದಂತೆ. ತನಗೆ ಕೇಳಿಸದೆಂದು ನುಡಿಸುವವನು ಇನ್ನಷ್ಟು ಏರಿಸುವನು. ಸಭೆಗಳಲ್ಲಿ ಕಿವಿ ತೂತಾಗುವುದಕ್ಕೆ ಅರ್ಧ ಕಾರಣ ಇದೇ. ಐವತ್ತು ವಾಟು ಬೇಕಾಗಲೇ ಇಲ್ಲ. ಇಪ್ಪತ್ತೈದರಲ್ಲಿಯೇ, ಅದೂ ಪೂರ್ತಿ ತಿರುಗಿಸದೆ, ಡ್ರಮ್ಮಿಗೆ ಸರಿದೂಗಿತು. ನುಡಿಸಿದುದರಲ್ಲಿ ನಮಗೆ ಅರ್ಥವಾದುದು ಅರ್ಧಕ್ಕಿಂತ ಕಡಮೆ. ನಡುವೆ 'ಆ' ಎಂದು ಒಂದು ಸ್ವರವನ್ನು ಹಿಡಿದು ಬಹು ಹೊತ್ತು ನಿಲ್ಲಿಸಿದಳು. ಅದು ಕ್ರಮವಾಗಿ ಒಡೆದು, ಜೇಂಕರಿಸಿ, ತಾನೇ ಅಡಗಿತು. ಅದು ಮಾತ್ರ ಚೆನ್ನಾಗಿ ಅರ್ಥವಾಯಿತು.

ಇದಾಗಿ ಎರಡು ತಿಂಗಳ ಮೇಲೆ ಬಾಡಿಗೆ ಕೊಡಲು ಕೆಳಗಿಳಿದಾಗ ಅಜ್ಜಿ ನಮ್ಮನ್ನು ಹಾಸಿಗೆಯ ಬಳಿ ಕರೆದು, "ಮೇಷ್ಟ್ರೇ, ಮಗು ಈಗ ಬಾರಿಸೋದೇ ಇಲ್ವೇ? ನಾನು ಹೇಳಿ ಕಳಿಸಿದೆ ಅಂತ ಬಿಟ್ಟುಬಿಟ್ಟಳೇನು?" ಎಂದರು. ಇಲ್ಲ, ಕಿವಿಯೊಳಗೇ ಕೇಳಿಸಿಕೊಂಡು ನುಡಿಸುತ್ತಾಳೆಂದು ವಿವರಿಸಿದೆವು. "ಒಬ್ಬಳೇ ಕೇಳ್ಕೊಂಡರೆ ಏನು ಬಂತು? ಅವತ್ತು ಎದೆ ನಡುಗಿತು ಅಂದೆ. ಬೇಡ ಅನ್ನಲಿಲ್ವಲ್ಲ. ಮೆಲ್ಲಗೆ ಬಾರಿಸಲಿ. ಹಗಲೆಲ್ಲ ಸೂರು ನೋಡ್ಕೊಂಡು ಮಲಗಿರ್ತೀನಿ" ಎಂದರು.

ಈಗ ಸಂಜೆ ಐದೂವರೆಯಿಂದ ಆರರವರೆಗೆ ಅರ್ಧ ವಾಟಿನ ಕಾಲ. ಮೆಟ್ಟಿಲ ಬಾಗಿಲನ್ನು ತೆರೆದಿಡುತ್ತೇವೆ. ಅಜ್ಜಿಗೆ ಒಡಕು ದನಿ ಸೇರದು. ಅದು ಬಂದರೆ ಕೆಲಸದಾಕೆ ಮೆಟ್ಟಿಲ ಬುಡದಲ್ಲಿ ಪಾತ್ರೆ ಬಡಿಯುತ್ತಾಳೆ. ಸುಟ್ಟ ಅಮೆರಿಕದ ಪೆಟ್ಟಿಗೆ ನಮ್ಮ ಮಂಚದ ಕೆಳಗಿದೆ. ಅದರ ಟ್ರಾನ್ಸ್‌ಫಾರ್ಮರನ್ನು ೨೩೦ ವೋಲ್ಟಿಗೆ ತಕ್ಕಂತೆ ಹೊಸದಾಗಿ ಸುತ್ತಿಸಬಹುದೆಂದು ರಿಪೇರಿಯವನೊಬ್ಬನು ಹೇಳಿದ್ದಾನೆ. ಸುತ್ತಿಸಬೇಕೆಂದು ನಮಗೆ ಆಸೆ, ಮಗಳನ್ನು ಕೇಳಿದೆವು, ಪರೀಕ್ಷೆ ಮುಗಿಯಲಿ, ಯೋಚಿಸಿ ಹೇಳುತ್ತೇನೆ ಎಂದಿದ್ದಾಳೆ.